ಎಡಗಡೆಯ ಕೇಳುಗ

ನನ್ನ ಅತ್ತೆಗೆ ಕಿವಿ ಕೇಳಿಸುವುದಿಲ್ಲ ಎಂದು ನಮ್ಮ ಮನೆಯ ಸೊಸೆಯಂದಿರು ಯಾರೂ ಹೇಳುವಂತಿರಲಿಲ್ಲ. ಹೇಳಿದರೆ ಅತ್ತೆ ಸಿಟ್ಟಾಗುತ್ತಾರೆ ಎಂಬುದು ಆಮೇಲಿನ ಮಾತು. ಕಿವಿ ಎಂಬ ಪದವನ್ನೇ ನಾವು ಬಾಯಲ್ಲಿ ತರುವಂತಿರಲಿಲ್ಲ.

ತೀರಿಹೋದ ಮಾವನ ಹೆಸರು ಕುಲಕ್‌ಬಾಯ್. ನಮ್ಮ ಭಾಷೆಯಲ್ಲಿ ಕುಲಕ್ ಎಂದರೆ ಕಿವಿ. ಅವರಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳೆಲ್ಲ ತೊಟ್ಟಿಲಲ್ಲೇ ಹೋದವೆಂದು, ಈ ಮಗುವಿನ ಗುರುತು ಸಾವಿಗೆ ತಪ್ಪಿಹೋಗಲೆಂದು, ಒಂದು ಕಿವಿ ಚುಚ್ಚಿ ಬೆಳ್ಳಿಯ ಉಂಗುರ ಹಾಕಿ ಆ ಹೆಸರಿಟ್ಟರಂತೆ. ಹೆಸರು ಬರೆದುಕೊಳ್ಳುವ ಗುಮಾಸ್ತ ಮಾತ್ರ ನಡುಗಿಹೋದನಂತೆ. ರಷ್ಯನ್ನರ ಬಾಯಲ್ಲಿ ಕುಲಕ್ ಎಂದರೆ ಜಮೀನಿನ ಸಾಹುಕಾರ. ಸಾಹುಕಾರರನ್ನು ರೈಲಿಗೆ ತುಂಬಿ ಎಲ್ಲಿಗೆ ಕಳಿಸಿದರೆಂಬುದು ಎಲ್ಲರಿಗೂ ನೆನಪಿದ್ದ ಕಾಲ ಅದು. ಅವನು ಕಾಗದದಲ್ಲಿ ಕುಬಾತ್ ಎಂದು ಬರೆದು ಕೈತೊಳೆದುಕೊಂಡ. ಮನೆಯಲ್ಲಿ ಅವರು ಕುಲಕ್‌ಬಾಯ್ ಆಗಿಯೇ ಬೆಳೆದರು, ಹಾಗೆಯೇ ಸತ್ತರು.

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಆಡಬಾರದು. ಆ ಹೆಸರಿನೊಳಗೆ ಅಡಗಿರುವ ಪದವನ್ನೂ ಆಡಬಾರದು. ಆದ್ದರಿಂದ ಈ ಮನೆಯ ಹೆಂಗಸರು ಕಿವಿಗೆ ‘ಕೇಳುಗ’ ಎಂದು ಹೆಸರಿಟ್ಟುಕೊಂಡಿದ್ದರು. ಕುರಿಮರಿಗೆ ಗುರುತು ಹಾಕುವಾಗ ಕೇಳುಗ ಕೊಯ್ಯಬೇಕು. ಹಬ್ಬದ ದಿನ ಬೆಂದ ಕುರಿಯ ತಲೆಯಿಂದ ಮಕ್ಕಳ ಪಾಲು ತೆಗೆದುಕೊಡುವಾಗ ಕೇಳುಗ ಕೊಡಬೇಕು. ಟೋಪಿಯನ್ನು ಕೇಳುಗದ ಮೇಲೆ ಎಳೆದುಕೊಳ್ಳಬೇಕು. ಈ ನಿಯಮದಲ್ಲಿ ಎಲ್ಲರಿಗಿಂತ ಬಿಗಿ ನನ್ನ ಅತ್ತೆ ಉಲ್ಕಾನ್. ಗಂಡನ ಹೆಸರನ್ನು ಅವರು ಮದುವೆಯಾದಂದಿನಿಂದ ಒಮ್ಮೆಯೂ ಹೇಳಿರಲಿಲ್ಲ. ಗಂಡ ಸತ್ತ ದಿನ ಹೆಣದ ಮುಂದೆ ಕೂತು ಹಾಡಿ ಅತ್ತಾಗಲೂ ಹೇಳಲಿಲ್ಲವೆಂದು ಊರಿನವರು ಈಗಲೂ ಹೊಗಳುತ್ತಾರೆ.

ನನ್ನ ಕಷ್ಟ ಗಂಟಲಿನದು. ನಮ್ಮೂರು ಆತ್‌ಬಾಶಿಯ ಶಾಲೆಯಲ್ಲಿ ಚಿಕ್ಕ ಮಕ್ಕಳ ಗಲಾಟೆಯ ಮೇಲೆ ಪಾಠ ಹೇಳಿ ಹೇಳಿ, ಕಲ್ಲಿದ್ದಲ ಒಲೆಯ ಹೊಗೆ ಕುಡಿದು, ಸ್ವರ ಮೊದಲು ಒರಟಾಯಿತು, ಆಮೇಲೆ ಹರಿದುಹೋಯಿತು. ರಾಜಧಾನಿ ಬಿಷ್ಕೆಕ್‌ನಲ್ಲಿ ಗಂಟಲಿನ ಗಂಟುಗಳನ್ನು ತೆಗೆದರು. ಅವು ಮತ್ತೆ ಬಂದವು. ಮತ್ತೆ ತೆಗೆದ ವೈದ್ಯ, ಇನ್ನು ಕೊಯ್ಯಲು ಏನೂ ಉಳಿದಿಲ್ಲ, ಇದರ ಜೊತೆಗೇ ಬಾಳುವುದನ್ನು ಕಲಿಯಬೇಕು ಎಂದ. ಕೂಗಬಾರದು. ಪಿಸುಗುಟ್ಟಲೂಬಾರದು, ಪಿಸುಮಾತು ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ. ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಬೆಳಗ್ಗೆ ಎದ್ದು ಲೋಟದ ನೀರಿನಲ್ಲಿ ಕೊಳವೆಯಿಟ್ಟು, ಅದರೊಳಗೆ ಗುನುಗುತ್ತ ಗುಳ್ಳೆ ಎಬ್ಬಿಸಬೇಕು. ಮುಖ್ಯೋಪಾಧ್ಯಾಯಿನಿ ನನ್ನನ್ನು ಪಾಠದಿಂದ ಬಿಡಿಸಿ ಶಾಲೆಯ ಪುಸ್ತಕದ ಕೋಣೆಗೆ ಹಾಕಿದಳು. ಅಲ್ಲಿ ಹೇಗೂ ಯಾರೂ ಮಾತಾಡಬಾರದು, ನಿನಗೆ ಹೇಳಿ ಮಾಡಿಸಿದ ಜಾಗ ಎಂದು ಎಲ್ಲರೆದುರು ನಕ್ಕಳು.

ಸೊಸೆ ಹಿರಿಯರ ಮುಂದೆ ಪಿಸುದನಿಯಲ್ಲಿ ಮಾತಾಡಬೇಕು ಎನ್ನುತ್ತದೆ ಪದ್ಧತಿ. ಕಿವಿ ಮಂದವಾದ ಅತ್ತೆಗೆ ಕೂಗಿದರೇ ಕೇಳಿಸುವುದು. ಎರಡೂ ನನಗೆ ಕೂಡದು. ಎದುರು ನಿಂತು, ಮುಖ ನೋಡುತ್ತ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ್ದರೆ ಅರ್ಧವಾದರೂ ತಲುಪುತ್ತಿತ್ತೋ ಏನೋ. ಆದರೆ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಸೊಸೆಯನ್ನು ಆತ್‌ಬಾಶಿಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದ್ದರಿಂದ ನಾನು ನೆಲ ನೋಡುತ್ತ ಹೇಳುತ್ತಿದ್ದೆ, ಅವರು ಕೇಳಿಸದೆಯೇ ಉತ್ತರ ಕೊಡುತ್ತಿದ್ದರು. ಉಪ್ಪು ತಂದಿದ್ದೇನೆ ಎಂದರೆ, ‘ನಿನ್ನ ತವರಿಗೆ ಯಾಕೆ ಹೋಗ್ಬೇಕು ಈಗ’ ಎನ್ನುತ್ತಿದ್ದರು. ಹೀಗೆ ದಿನಕ್ಕೊಂದು ಜಗಳ, ಹೆಚ್ಚಿನವು ನಾನು ಆಡದ ಮಾತಿಗೆ.

ನನ್ನ ಗುಳ್ಳೆಯ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ, ಕಾಣುತ್ತಿತ್ತು. ಒಂಟೆ ನೊರೆ ಉಗುಳಿದ ಹಾಗೆ ಬೆಳಗ್ಗೆ ಬೆಳಗ್ಗೆ ಇದೆಂಥ ಅಸಹ್ಯ ಎಂದು ಅವರು ಎದ್ದು ಹೋಗುತ್ತಿದ್ದರು. ಪಕ್ಕದ ಬೀದಿಯಲ್ಲಿರುವ ನನ್ನ ಗಂಡನ ಅಕ್ಕ ಬಾತ್ಮಾಕಾನ್ ಬಂದಾಗ ಇನ್ನೂ ಖುಷಿ. ‘ಕೆಲಿನ್ ಅಂತ ಹೆಬ್ಬಾತು ತಂದಿದೀವಲ್ಲ, ಬುಸ್ ಅನ್ನೋದು ಬಿಟ್ರೆ ಬೇರೆ ಸೊಲ್ಲೇ ಇಲ್ಲ,’ ಎಂದು ನನ್ನ ಮುಂದೆಯೇ ಹೇಳುತ್ತಿದ್ದಳು. ಕೆಲಿನ್ ಎಂದರೆ ಸೊಸೆ. ನನ್ನ ಹೆಸರು ಸೆಯಿಲ್ ಎಂಬುದು ಆ ಮನೆಯಲ್ಲಿ ನನ್ನ ಮಗಳನ್ನು ಬಿಟ್ಟರೆ ಯಾರಿಗೂ ನೆನಪಿದ್ದಂತಿಲ್ಲ.

ಮಗಳು ಐದಾಯ್. ಆಗಷ್ಟೇ ಶಾಲೆಗೆ ಸೇರಿದ್ದಳು. ಎಳೆಯದರಲ್ಲಿ ಬಂದ ನೆಗಡಿ ಎಡಗಿವಿಗೆ ಇಳಿದು, ತಮಟೆಯಲ್ಲಿ ತೂತಾಗಿ, ಮತ್ತೆ ಮತ್ತೆ ಕೀವು ಸೋರುತ್ತಿತ್ತು. ದಿಂಬಿನ ಮೇಲೆ ಹಳದಿ ಕಲೆ, ಹತ್ತಿರ ಬಂದರೆ ವಾಸನೆ. ತರಗತಿಯಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳು ಅದನ್ನು ನನಗೆ ದೂರಾಗಿ ಹೇಳಲಿಲ್ಲ. ಕಿಟಕಿ ಹತ್ತಿರದ ಬೆಂಚು ಪೂರ್ತಿ ನಂದೇ ಎಂದು ಸಂತೋಷದಿಂದ ಹೇಳಿದಳು. ನಾನು ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ.

ಬಿಷ್ಕೆಕ್‌ನ ಕಿವಿ ಶಸ್ತ್ರವೈದ್ಯೆಯೊಬ್ಬಳು ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ನಮಗೆ ಹತ್ತಿರದ ಪಟ್ಟಣ ನಾರಿನ್‌ನ ಆಸ್ಪತ್ರೆಗೆ ಬರುತ್ತಾಳೆ. ತೂತಿಗೆ ತೇಪೆ ಹಾಕಬಹುದು, ಆದರೆ ಕಿವಿ ಒಣಗಿರಬೇಕು ಎಂದಿದ್ದಳು. ಶರತ್ಕಾಲಕ್ಕೆ ದಿನ ಗೊತ್ತಾಗಿತ್ತು. ನಾನು ಅವಳ ತಲೆ ತೊಳೆಯುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಮುಚ್ಚುತ್ತಿದ್ದೆ, ತೆಳು ಬಟ್ಟೆಯನ್ನು ಬತ್ತಿಯಂತೆ ಹೊಸೆದು ತೇವ ಹೀರುತ್ತಿದ್ದೆ. ಒಣಗಿತ್ತು. ಹೊರಡುವ ಹಿಂದಿನ ವಾರ ನಾನು ಶಾಲೆಯಲ್ಲಿದ್ದಾಗ ಅತ್ತೆ ಸುರ್ ಕೊಬ್ಬು ಕಾಯಿಸಿ ಮಗುವಿನ ಕಿವಿಗೆ ಬಿಟ್ಟರು. ಸುರ್ ಅಂದರೆ ನಮ್ಮ ಬೆಟ್ಟದ ಬಿಲದಲ್ಲಿ ಮಲಗುವ ದಪ್ಪ ಪ್ರಾಣಿ. ಅದರ ಕೊಬ್ಬು ಕೆಮ್ಮಿಗೆ, ಕೀಲಿಗೆ, ಸುಟ್ಟ ಗಾಯಕ್ಕೆ, ಎಲ್ಲಕ್ಕೂ ಆಗುತ್ತದೆಂದು ಅತ್ತೆಯ ನಂಬಿಕೆ. ಮಗುವಿಗೆ ಜ್ವರ ಬಂತು, ಕಿವಿ ಉಕ್ಕಿತು. ನಾರಿನ್‌ನಲ್ಲಿ ವೈದ್ಯೆ ದೀಪ ಹಾಕಿ ನೋಡಿದಳು, ನಮಗೆ ಕೂರಲೂ ಹೇಳಲಿಲ್ಲ.

‘ಕೀವಿನ ಮೇಲೆ ತೇಪೆ ಹಾಕೋದಕ್ಕೆ ನಾನೇನು ಬೂಟು ಹೊಲಿಯೋಳಾ? ವಸಂತಕ್ಕೆ ಬಾ. ಅಲ್ಲಿವರೆಗೆ ಒಳಗೆ ಒಂದು ಹನಿ ಹೋಗ್ಬಾರ್ದು. ಇನ್ನೊಂದ್ಸಲ ಹೀಗೆ ಕೊಳೆತ್ರೆ ಒಳಗಿನ ಮೂಳೆ ತಿಂದುಹಾಕತ್ತೆ. ಆಮೇಲೆ ನನ್ನ ಹತ್ರ ಕರ್ಕೊಂಡು ಬರ್ಬೇಡ, ಕಿವುಡು ಮಕ್ಕಳ ಶಾಲೆ ಎಲ್ಲಿದೆ ಅಂತ ಕೇಳ್ಕೋ.’

ಚಳಿಯಲ್ಲಿ ಬಸ್ಸಿನಲ್ಲಿ ಬಂದು ನನ್ನ ಗಂಟಲು ಆಗಲೇ ಹೋಗಿತ್ತು. ಆದರೂ ಆ ಸಂಜೆಯೇ ಹೇಳಬೇಕಿತ್ತು. ಅತ್ತೆ ಬಾಗಿಲಿಗೆ ಎದುರಾಗಿ, ಹಿರಿಯರು ಕೂರುವ ಮೇಲ್ಗಡೆಯ ಜಾಗದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಬಾಗಿಲ ಬಳಿ ಚಹಾಕ್ಕೆ ನೀರು ಕಾಯಿಸುವ ಸಮೋವಾರಿನ ಪಕ್ಕ, ಸೊಸೆ ಕೂರುವ ಜಾಗದಲ್ಲಿ ಕೂತು, ನೆಲ ನೋಡುತ್ತ, ‘ಅಪಾ, ಮಗೂದು ಕೇಳುಗ ಒಣಗಿರ್ಬೇಕಂತೆ, ಏನೂ ಹಾಕ್ಬೇಡಿ,’ ಎಂದೆ. ಅಪಾ ಎಂದೇ ತಾಯಿಯನ್ನೂ ಅತ್ತೆಯನ್ನೂ ಕರೆಯುವುದು. ಮಾತು ನಡುನಡುವೆ ಬರೀ ಗಾಳಿಯಾಗಿ ಹೋಯಿತು. ಅಪಾ, ಕೇಳುಗ, ಒಣಗಿ. ಅವರಿಗೆ ತಲುಪಿದ್ದು ಅಷ್ಟೇ.

ಅತ್ತೆ ಚಹಾದ ಬಟ್ಟಲನ್ನು ಕೆಳಗಿಟ್ಟರು.

‘ಹೌದು, ಒಣಗಿದೆ. ನನ್ನ ಕೇಳುಗ ಒಣಗಿ ಎಷ್ಟೋ ವರ್ಷ ಆಯ್ತು, ಮಣ್ಣಲ್ಲಿ ಮಲಗಿರೋನೂ ಒಣಗಿದಾನೆ, ನನ್ನ ಮೈಯಲ್ಲಿರೋದೂ ಒಣಗಿದೆ. ನೀನು ಚಹಾ ಕೊಡ್ತಾ ಅದನ್ನ ನೆನಪಿಸ್ಬೇಕಿತ್ತಾ?’

ನಾನು ಅಲ್ಲ ಅಲ್ಲ ಎಂದು ಕೈಯಾಡಿಸಿದೆ. ಹಿರಿಯರ ಮುಂದೆ ಕೈಯಾಡಿಸಿದ್ದು ಇನ್ನೊಂದು ತಪ್ಪಾಯಿತು. ಮರುದಿನ ಒಲೆಯ ಮೇಲಿನ ಕ್ಯಾಲೆಂಡರಿನ ಹಾಳೆಯ ಹಿಂದೆ ವೈದ್ಯೆಯ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟೆ. ಒಂದೇ ಮನೆಯಲ್ಲಿದ್ದುಕೊಂಡು ನನಗೆ ಅರ್ಜಿ ಹಾಕ್ತಾಳೆ ಎಂದು ಅವರು ಅದನ್ನು ಓದದೆ ಒಲೆಗೆ ಹಾಕಿದರು. ಸೊಸೆ ಅತ್ತೆಯನ್ನು ಒಣಗಿದ ಕೇಳುಗ ಎಂದಳು, ಸತ್ತ ಮಾವನನ್ನೂ ಬಿಡಲಿಲ್ಲ ಎಂಬ ಸುದ್ದಿ ಬಾತ್ಮಾಕಾನ್‌ಳ ಕಾಲಿನಲ್ಲಿ ಬೀದಿಯೆಲ್ಲ ಓಡಾಡಿತು. ಅಂಗಡಿಯವಳು ನನ್ನ ಕೈಗೆ ಚಿಲ್ಲರೆ ಕೊಡದೆ ಹಲಗೆಯ ಮೇಲಿಟ್ಟಳು.

ಐದಾಯ್‌ಳ ಅಪ್ಪ ಟೊರುಗಾರ್ಟ್ ಕಣಿವೆಯ ದಾರಿಯಲ್ಲಿ ಲಾರಿ ಓಡಿಸುತ್ತಾರೆ. ದಾರಿಯಿಂದ ಫೋನು ಮಾಡಿ ತಾಯಿಗೆ ಹೇಳಿದರು. ಅತ್ತೆ ಫೋನನ್ನು ಎಡಗಡೆಗೆ ಹಿಡಿದು, ಅದು ಅವರ ಹೆಚ್ಚು ಕೆಟ್ಟ ಕಡೆ, ಹೂಂ ಹೂಂ, ನಾನು ಚೆನ್ನಾಗಿದೀನಿ, ನೀನು ಬಿಸಿ ಏನಾದ್ರೂ ತಿಂದ್ಯಾ ಎಂದು ಇಟ್ಟುಬಿಟ್ಟರು. ಮನೆಗೆ ಬಂದಾಗ ಎದುರು ಕೂತು ಹೇಳಲು ಶುರುಮಾಡಿದರು. ಒಣಗಬೇಕು ಎಂಬ ಮಾತು ಬರುತ್ತಲೇ ತಾಯಿ ಅಳತೊಡಗಿದರು, ಹೆಂಡತಿ ಬಾಯಿಯ ಮಾತನ್ನು ಮಗನೂ ಹೇಳುವಂತಾಯಿತು ಎಂದರು. ಇವರು ತಲೆ ತಗ್ಗಿಸಿ ಮಾಂಸದ ಸಾರು ಕುಡಿದು ಮುಗಿಸಿದರು. ಹೊರಡುವಾಗ ಅಂಗಳದಲ್ಲಿ, ನೀನೇ ಹುಷಾರಾಗಿ ನೋಡಿಕೋ ಎಂದು ನನಗೆ ಹೇಳಿ ಲಾರಿ ಹತ್ತಿದರು.

ನೋಡಿಕೊಂಡೆ. ಚಳಿಗಾಲ ಪೂರ್ತಿ ಮಗುವನ್ನು ಅತ್ತೆಯ ಕೈಗೆ ಬಿಡಲಿಲ್ಲ. ಶಾಲೆ ಮುಗಿದ ಮೇಲೆ ಅವಳು ಪುಸ್ತಕದ ಕೋಣೆಯಲ್ಲಿ ನನ್ನ ಕುರ್ಚಿಯ ಕೆಳಗೆ ಬಣ್ಣದ ಪೆನ್ಸಿಲು ಹಿಡಿದು ಕೂರುತ್ತಿದ್ದಳು. ಮನೆಯಲ್ಲಿ ನಾನು ಹಸು ಹಿಂಡಲು ಹೋದರೆ ಕೊಟ್ಟಿಗೆಗೆ ಬರುತ್ತಿದ್ದಳು. ಅಜ್ಜಿಯಿಂದ ಮೊಮ್ಮಗಳನ್ನು ಕಿತ್ತುಕೊಂಡಳು ಎಂದು ಅದಕ್ಕೂ ಮಾತು ಬಂತು. ಅತ್ತೆ ಮಗುವನ್ನು ಕರೆದು ಜೇಬಿನಿಂದ ಒಣಗಿದ ಏಪ್ರಿಕಾಟು ಕೊಡುತ್ತ ನನ್ನ ಕಡೆ ನೋಡುತ್ತಿದ್ದರು, ಕಳ್ಳನನ್ನು ನೋಡುವಂತೆ. ನಾನೂ ಅವರನ್ನು ಹಾಗೆಯೇ ನೋಡುತ್ತಿದ್ದೆ. ಕೊಬ್ಬಿನ ಸೀಸೆ ಅವರ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯ ಕೀಲಿ ಅವರ ಜಡೆಯ ತುದಿಯಲ್ಲಿತ್ತು.

ಬೆಳಗಿನ ನನ್ನ ಗುಳ್ಳೆಯ ಹೊತ್ತು ಮಾತ್ರ ನಮ್ಮಿಬ್ಬರದು. ನಾನು ಕೊಳವೆಯಲ್ಲಿ ಗುನುಗುವಾಗ ಐದಾಯ್ ತನ್ನ ಒಳ್ಳೆಯ ಕಿವಿಯನ್ನು ನನ್ನ ಗಂಟಲಿಗೆ ಒತ್ತಿ ಹಿಡಿಯುತ್ತಿದ್ದಳು. ಒಳಗೆ ಲಾರಿ ಬರ್ತಾ ಇದೆ ಎನ್ನುತ್ತಿದ್ದಳು. ಒಂದು ದಿನ ತಿರುಗಿ ಕೆಟ್ಟ ಕಿವಿಯನ್ನೂ ಒತ್ತಿ ಹಿಡಿದಳು. ಏನು ಕೇಳಿಸಿತು ಎಂದೆ. ಲಾರಿ ಇನ್ನೂ ದೂರ ಇದೆ ಎಂದಳು.

ಹಿಮ ಕರಗುವ ಹೊತ್ತಿಗೆ ಮಾವನ ನೆನಪಿನ ದಿನ ಬಂತು. ಎಣ್ಣೆಯಲ್ಲಿ ರೊಟ್ಟಿ ಬೇಯಿಸಿ ವಾಸನೆ ಎಬ್ಬಿಸಬೇಕು, ಸತ್ತವರಿಗೆ ಸಲ್ಲುವುದು ಅದೇ. ಬೆಳಗಿನಿಂದ ಹೆಂಗಸರೆಲ್ಲ ಸೇರಿ ಬೋರ್ಸೋಕ್ ಕರಿಯುತ್ತಿದ್ದೆವು. ಮೆತ್ತಗಿನ ಹಿಟ್ಟಿನ ತುಂಡುಗಳು ಬಾಣಲೆಯಲ್ಲಿ ಉಬ್ಬಿ ಮಗುಚುತ್ತಿದ್ದವು. ಹೊಗೆಗೆ ನನ್ನ ಗಂಟಲು ಕಟ್ಟಿತ್ತು. ನಾನು ಕುತ್ತಿಗೆಗೆ ಶಾಲು ಸುತ್ತಿ ಬಾಗಿಲಿಗೆ ಹತ್ತಿರ ನಿಂತು ಹಿಟ್ಟು ಕತ್ತರಿಸುತ್ತಿದ್ದೆ. ಅತ್ತೆ ಅಲ್ಲೇ ಕೂತಿದ್ದರು, ಆದರೂ ಬಾತ್ಮಾಕಾನ್ ದನಿ ತಗ್ಗಿಸದೆ ತಾಯಿಯ ಹಳೇ ಕಥೆ ತೆಗೆದಳು. ಅಪ್ಪ ಸತ್ತ ಮರುವರ್ಷ ಅಮ್ಮ ಯಾರಿಗೂ ಹೇಳದೆ ಒಬ್ಬಳೇ ದವಾಖಾನೆಗೆ ಹೋದಳಂತೆ. ಅಲ್ಲಿ ಹೊರಗಿನಿಂದ ಬಂದಿದ್ದ ಚಿಕ್ಕ ಪ್ರಾಯದ ಡಾಕ್ಟರು ಏನಾಗಿದೆ ಅಜ್ಜಿ ಎಂದು ಕೇಳಿದ.

‘ಇವಳು ಹೇಳಿದ್ಳಂತೆ, ನನ್ನ ಎಡಗಡೆಯ ಕೇಳುಗ ಹೋಗ್ಬಿಟ್ಟ ಮಗಾ, ಬಲಗಡೆಯದ್ದೂ ಹೊರಟಿದೆ ಅಂತ. ಪಾಪ ಆ ಹುಡುಗ, ಮುದುಕಿ ಮಗ್ಗುಲಲ್ಲಿ ಮಲಗ್ತಿದ್ದ ಗಂಡ ಸತ್ತಿದಾನೆ, ಇವಳ ಮಾತು ಕೇಳೋರು ಯಾರೂ ಇಲ್ಲ ಅಂದ್ಕೊಂಡ. ಕೈ ಹಿಡ್ಕೊಂಡು ಸಮಾಧಾನ ಮಾಡಿ, ನಿದ್ದೆ ಬರೋ ಹನಿ ಕೊಟ್ಟು ಕಳಿಸಿದಾನೆ!’

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನಗು ಕಂಡು ಅತ್ತೆಯೂ ನಕ್ಕರು, ಯಾವುದಕ್ಕೆಂದು ತಿಳಿಯದೆ. ಆಮೇಲೆ ಅವರು ಮತ್ತೆ ದವಾಖಾನೆಗೆ ಹೋಗಲಿಲ್ಲವಂತೆ. ಆ ನಿದ್ದೆಯ ಹನಿಯನ್ನು ಮುಗಿಯುವವರೆಗೂ ಕಿವಿಗೆ ಬಿಟ್ಟುಕೊಂಡರಂತೆ. ನನಗೆ ನಗು ಬರಲಿಲ್ಲ. ಮರುಕವೂ ಬರಲಿಲ್ಲ. ನನ್ನ ಕಣ್ಣು ಅತ್ತೆಯ ಜಡೆಯ ತುದಿಯಲ್ಲಿತ್ತು, ಕೀಲಿ ಅಲ್ಲಿರಲಿಲ್ಲ.

ಮೌಲ್ವಿ ಕುರಾನ್ ಓದಿ, ಇದರ ಪುಣ್ಯ ಕುಲಕ್‌ಬಾಯ್‌ಗೆ ಸಲ್ಲಲಿ ಎಂದು ಮಾವನ ಹೆಸರು ಹೇಳಿ ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು. ಎಲ್ಲರೂ ಸವರಿಕೊಂಡರು. ಊಟವಾಯಿತು. ಗಂಡಸರು ಮೇಲ್ಗಡೆ ಹರಟುತ್ತಿದ್ದರು, ನಾನು ಬಾಗಿಲ ಬಳಿ ಸಮೋವಾರಿನ ಮುಂದೆ ಬಟ್ಟಲುಗಳಿಗೆ ಚಹಾ ಬಗ್ಗಿಸಿ ಬಗ್ಗಿಸಿ ಕಳಿಸುತ್ತಿದ್ದೆ. ಐದಾಯ್ ನನ್ನ ಬೆನ್ನ ಹಿಂದೆಯೇ ಇದ್ದಳು. ತಿರುಗಿ ನೋಡಿದಾಗ ಇರಲಿಲ್ಲ.

ಒಲೆಯ ಪಕ್ಕದಲ್ಲಿ ಬಾತ್ಮಾಕಾನ್ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಅಡ್ಡ ಮಲಗಿಸಿ ಹಿಡಿದಿದ್ದಳು, ಎಡಗಿವಿ ಮೇಲಾಗಿ. ನಾನು ಇಟ್ಟಿದ್ದ ಹತ್ತಿ ನೆಲದ ಮೇಲೆ ಬಿದ್ದಿತ್ತು. ಅತ್ತೆ ನನಗೆ ಬೆನ್ನು ಹಾಕಿ ಕೂತು, ಚಮಚವನ್ನು ಕೆಂಡದ ಮೇಲೆ ಹಿಡಿದು ಕೊಬ್ಬು ಕರಗಿಸುತ್ತಿದ್ದರು. ಹಿರಿಯರ ಆತ್ಮ ಮನೆಯಲ್ಲಿರುವ ದಿನ, ಇವತ್ತು ಹಾಕಿದರೆ ನಾಟುತ್ತದೆ ಎಂದು ಯಾರಿಗೋ ಹೇಳುತ್ತಿದ್ದರು. ನಾರಿನ್‌ಗೆ ಹೋಗುವ ದಿನ ಹತ್ತಿರ ಬಂದಿತ್ತು.

ನಮ್ಮ ನಡುವೆ ಹಾಸಿದ ಊಟದ ಬಟ್ಟೆ, ಅದರ ಎರಡೂ ಕಡೆ ಕೂತ ಮುದುಕರು. ಸೊಸೆ ಅವರನ್ನು ದಾಟಿ ಓಡುವಂತಿಲ್ಲ, ಓಡಿದರೂ ತಲುಪುತ್ತಿರಲಿಲ್ಲ. ಅಪಾ ಎಂದೆ. ಗಾಳಿ ಬಂತು. ಬೇಡ ಎಂದೆ. ಅದೂ ಗಾಳಿ. ಬಾತ್ಮಾಕಾನ್ ನನ್ನ ಬಾಯಿ ತೆರೆದು ಮುಚ್ಚುವುದನ್ನು ಕಂಡು, ‘ನೋಡಿ, ಹೆಬ್ಬಾತು ಮೇಯೋಕೆ ಹೊರಟಿದೆ,’ ಎಂದು ನಕ್ಕಳು. ಕೇಳುಗಕ್ಕೆ ಹಾಕಬೇಡಿ ಎಂದೆ. ಪಕ್ಕದಲ್ಲಿದ್ದ ಮುದುಕನಿಗೂ ಅದು ಕೇಳಿಸಲಿಲ್ಲ. ಚಹಾ ಬೇಕೇ ಎಂದು ಕೇಳಿದೆನೆಂದುಕೊಂಡು ಬಟ್ಟಲು ಚಾಚಿದ. ಚಮಚ ಕೆಂಡದಿಂದ ಮೇಲೆದ್ದಿತು.

ಬೆಚ್ಚನೆಯ ನೀರು ಒಂದು ಗುಟುಕು ಕುಡಿದೆ. ಕೊಳವೆಯಲ್ಲಿ ಗುನುಗುವ ಹಾಗೆ ಹೊಟ್ಟೆಯಿಂದ ಉಸಿರು ತೆಗೆದು, ಮೂಗಿನ ಬುಡದಲ್ಲಿ ಸ್ವರ ಹಿಡಿದು, ನನ್ನಲ್ಲಿ ಉಳಿದಿದ್ದಷ್ಟನ್ನೂ ಒಂದೇ ಮಾತಿಗೆ ಹಾಕಿದೆ.

‘ಕುಲಕ್!’

ಹರಿದ ತಗಡಿನಂಥ ಸದ್ದು. ಮತ್ತೊಮ್ಮೆ ಹೇಳಿದೆ. ‘ಅಪಾ, ಕುಲಕ್‌ಗೆ ಹಾಕ್ಬೇಡಿ!’

ಮೇಲ್ಗಡೆಯ ಹರಟೆ ನಿಂತಿತು. ಮಾವ ಮನೆಗೆ ಬಂದಿರುವ ದಿನ, ಅವರ ಹೆಸರು ಹೇಳಿ ಇನ್ನೂ ಅಂಗೈ ಆರಿಲ್ಲ, ಬಾಗಿಲ ಬಳಿ ಕೂತ ಸೊಸೆ ಆ ಹೆಸರನ್ನು ಕೂಗಿದ್ದಾಳೆ. ನನ್ನ ಯಾವ ಮಾತಿಗೂ ತಿರುಗದ ಅತ್ತೆ ಈ ಹೆಸರಿಗೆ ತಿರುಗಿದರು. ಹಣೆಗೆ ಕಲ್ಲು ಬಿದ್ದವರ ಹಾಗೆ ನನ್ನನ್ನು ನೋಡಿದರು. ಚಮಚ ಓರೆಯಾಯಿತು. ಕೊಬ್ಬು ಕಂಬಳಿಯ ಮೇಲೆ ಬಿದ್ದು ಬೆಳ್ಳಗೆ ಗಟ್ಟಿಯಾಗತೊಡಗಿತು.

ನಾನು ಎದ್ದು, ಊಟದ ಬಟ್ಟೆಯನ್ನು ದಾಟಿ, ಮುದುಕರ ಮೊಣಕಾಲುಗಳನ್ನು ದಾಟಿ ಹೋಗಿ ಮಗುವನ್ನು ಎತ್ತಿಕೊಂಡೆ. ಬಾತ್ಮಾಕಾನ್ ನನ್ನ ಮುಖಕ್ಕೆ ಉಗಿಯಲಿಲ್ಲ ಅಷ್ಟೇ.

‘ಇಂಥ ನಾಲಗೆ ಕೊಯ್ದು ನಾಯಿಗೆ ಹಾಕ್ಬೇಕು. ಸ್ವರ ಇಲ್ಲ ಸ್ವರ ಇಲ್ಲ ಅಂತ ನಾಟಕ ಆಡ್ತಿದ್ಳು, ನಮ್ಮಪ್ಪನ ಹೆಸರಿಗೆ ಮಾತ್ರ ಬಂತು ನೋಡಿ.’

ಮೌಲ್ವಿ ಎದ್ದು ಬೂಟು ಹುಡುಕಿದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಅತ್ತೆ ಕೂತಲ್ಲೇ ಇದ್ದರು. ಎಲ್ಲರೂ ಹೋದ ಮೇಲೆ ಬಾತ್ಮಾಕಾನ್ ಕಡೆ ತಿರುಗಿ, ‘ನಾನೇ ಒಂದ್ಸಲಾನೂ ಹೇಳಿಲ್ಲ,’ ಎಂದರು.

ಮರುದಿನದಿಂದ ನನ್ನ ಸ್ವರ ಪೂರ್ತಿ ಹೋಯಿತು. ಗುನುಗಲು ಹೋದರೆ ಗುಳ್ಳೆ ಮಾತ್ರ ಎದ್ದಿತು, ಸದ್ದು ಬರಲಿಲ್ಲ. ಮಾವನ ಆತ್ಮ ಗಂಟಲು ಹಿಚುಕಿತು ಎಂದು ಬೀದಿಯಲ್ಲಿ ತೀರ್ಮಾನವಾಯಿತು. ಬಾತ್ಮಾಕಾನ್‌ಳ ಅಪ್ಪಣೆಯಂತೆ ನಾನು ಅತ್ತೆಯ ಮುಂದೆ ಬರೀ ಬಾಗಿಯೇ ತಪ್ಪೊಪ್ಪಿಕೊಂಡೆ. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಬಗ್ಗಿಸಿದ ಚಹಾವನ್ನು ಮುಟ್ಟದೆ, ತಮ್ಮ ಬಟ್ಟಲಿಗೆ ತಾವೇ ಬಗ್ಗಿಸಿಕೊಂಡರು. ಒಂದೇ ಒಲೆಯ ಎರಡು ಬದಿಯಲ್ಲಿ ಒಬ್ಬಳು ಆಡಲಾರಳು, ಒಬ್ಬಳು ಕೇಳಲಾರಳು, ಇಬ್ಬರಿಗೂ ಬೇಕಾಗಿಯೂ ಇರಲಿಲ್ಲ. ಕೊಬ್ಬಿನ ಕಲೆಯನ್ನು ನಾನು ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಆದರೆ ಪೆಟ್ಟಿಗೆಯ ಕೀಲಿ ಅತ್ತೆಯ ಜಡೆಗೆ ಮರಳಿತು. ಆಮೇಲೆ ಅವರು ಮಗುವಿನ ತಲೆ ಮುಟ್ಟಲಿಲ್ಲ.

ನಾರಿನ್‌ಗೆ ಹೊರಡುವ ದಿನ ಬಾಡಿಗೆ ಕಾರು ಬಾಗಿಲಿಗೆ ಬಂದಾಗ ಅತ್ತೆ ಬಿಳಿಯ ತಲೆವಸ್ತ್ರ ಕಟ್ಟಿ, ಒಳ್ಳೆಯ ವೆಲ್ವೆಟ್ ಕೋಟು ಹಾಕಿ ಹೊರಗೆ ಬಂದರು. ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು. ನನ್ನ ಮೊಮ್ಮಗಳನ್ನು ಕೊಯ್ಯೋಳ ಮುಖ ನೋಡಬೇಕು ಎಂದು ಡ್ರೈವರಿಗೆ ಹೇಳಿದರು. ದಾರಿಯುದ್ದಕ್ಕೂ ಹಿಂದೆ ತಿರುಗಲಿಲ್ಲ.

ವೈದ್ಯೆ ದೀಪ ಹಾಕಿ, ಐದಾಯ್‌ಳ ಕಿವಿಯೊಳಗೆ ಬಹಳ ಹೊತ್ತು ನೋಡಿದಳು. ನಾನು ಮಗುವಿನ ಕೈ ಹಿಡಿದಿದ್ದೆ.

‘ಒಣಗಿದೆ,’ ಎಂದಳು. ‘ಚೆನ್ನಾಗಿ ಒಣಗಿದೆ. ನಾಳೆ ಬೆಳಗ್ಗೆ ಹಾಕ್ತೀನಿ ತೇಪೆ. ರಾತ್ರಿ ಊಟ ಬೇಡ.’

ನಾನು ತಲೆಯಾಡಿಸಿದೆ. ಅತ್ತೆ ವೈದ್ಯೆಯ ತುಟಿಯನ್ನೇ ನೋಡುತ್ತಿದ್ದರು. ಏನಂದ್ಳು, ಏನಂದ್ಳು ಎಂದು ಕೋಣೆಯೆಲ್ಲ ಕೇಳುವಂತೆ ಕೇಳಿದರು. ವೈದ್ಯೆ ಬೆಚ್ಚಿ, ಅಜ್ಜಿ ಯಾಕೆ ಕೂಗ್ತೀರಿ, ನಿಮಗೇನು ತೊಂದರೆ ಎಂದಳು. ಅತ್ತೆಗೆ ಅದು ಹೇಗೋ ತಿಳಿಯಿತು. ಬಾಯಿ ತೆರೆದರು, ಮುಚ್ಚಿದರು. ತಲೆವಸ್ತ್ರದ ಮೇಲಿಂದ ಎಡಗೆನ್ನೆಯ ಹಿಂದೆ ಕೈಯಿಟ್ಟುಕೊಂಡರು. ಬಾಗಿಲ ಕಡೆ ನೋಡಿದರು. ಆಮೇಲೆ, ಮಾವನ ನೆನಪಿನ ದಿನದ ನಂತರ ಮೊದಲ ಸಲ, ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಕ್ಷಮೆಯಂಥದ್ದೇನೂ ಇರಲಿಲ್ಲ.

‘ಏ ಕೆಲಿನ್,’ ಎಂದರು. ‘ನಿನ್ನ ಬಾಯಿ ಹೇಗೂ ಕೆಟ್ಟಿದೆ. ನಂದೂ ನೀನೇ ಹೇಳು.’

ನನ್ನ ಸ್ವರ ಆಗ ತಾನೇ ನೂಲಿನಷ್ಟು ಮರಳಿತ್ತು. ಅದನ್ನು ಮಗಳು ಅರಿವಳಿಕೆಯಿಂದ ಏಳುವಾಗ ಅವಳ ಹೆಸರು ಕರೆಯಲೆಂದು ಕಾದಿಟ್ಟಿದ್ದೆ. ಅತ್ತೆ ಕಾಯುತ್ತಿದ್ದರು. ಐದಾಯ್ ಕುರ್ಚಿಯ ಮೇಲೆ ಕಾಲು ಆಡಿಸುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ವೈದ್ಯೆಯ ಕಡೆಗಲ್ಲ, ಅತ್ತೆಯ ಮುಖಕ್ಕೆ ಮುಖ ಕೊಟ್ಟು, ಕಣ್ಣು ತಗ್ಗಿಸದೆ, ತುಟಿ ಕಾಣುವಂತೆ ಹೇಳಿದೆ.

‘ಕುಲಕ್. ಎಡಗಡೆಯದ್ದು.’

ವೈದ್ಯೆಗೆ ಕೇಳಿಸಿತು. ಬನ್ನಿ ಅಜ್ಜಿ, ಇಲ್ಲಿ ಕೂತ್ಕೊಳ್ಳಿ, ತಲೆವಸ್ತ್ರ ಬಿಚ್ಚಿ ಎಂದು ದೀಪವನ್ನು ಅತ್ತ ತಿರುಗಿಸಿದಳು. ಅತ್ತೆ ಜಾಗ ಬಿಟ್ಟು ಅಲುಗಲಿಲ್ಲ. ನನ್ನ ತುಟಿಯ ಮೇಲೆಯೇ ಕಣ್ಣು ನೆಟ್ಟಿದ್ದರು.

‘ಇನ್ನೊಂದ್ಸಲ ಹೇಳು,’ ಎಂದರು. ‘ನನಗೆ ಕೇಳಿಸ್ಲಿಲ್ಲ.’

ನಾನು ಚೀಲದಿಂದ ನೀರಿನ ಸೀಸೆ ತೆಗೆದು ಒಂದು ಗುಟುಕು ಕುಡಿದೆ. ಮತ್ತೆ ಹೇಳಿದೆ.